ಕೆಂಪು ದೀಪದಡಿಯ ಕಡಲು

ಬಯಲುಸೀಮೆಯಿಂದ ರೈಲಿನಲ್ಲಿ ಪುತ್ತೂರಿಗೆ ಹೋಗುವವರು ಸಕಲೇಶಪುರ ದಾಟಿದ ಮೇಲೆ, ಸುಬ್ರಹ್ಮಣ್ಯ ರೋಡ್ ನಿಲ್ದಾಣ ಸೇರುವುದರೊಳಗೆ 57 ಸುರಂಗಗಳನ್ನು ಹಾದುಹೋಗಬೇಕು. ಕತ್ತಲೆ, ಬೆಳಕು, ಮತ್ತೆ ಕತ್ತಲೆ. ಕಳೆದ ಮಾಘಮಾಸದಲ್ಲಿ ನಾನು ಆ ದಾರಿ ಹಿಡಿದಾಗ ನನ್ನ ಚೀಲದಲ್ಲಿ, ಪಂಚಾಂಗದ ಹಾಳೆಗಳ ನಡುವೆ, ಅಂಗೈಗಿಂತ ಚಿಕ್ಕದಾದ ಒಂದು ನೆಗೆಟಿವ್ ಇದ್ದಿತು.

ಅದು 1976ರದು. ಮಠದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳಾದ ನಮ್ಮನ್ನು ಗುರುಗಳು ಉಳ್ಳಾಲದ ಸೋಮೇಶ್ವರಕ್ಕೆ ಕರೆದೊಯ್ದಿದ್ದರು. ಸಮುದ್ರವನ್ನು ನಾವೂ ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ. ಚಿತ್ರ ತೆಗೆಸಿಕೊಳ್ಳಲು ಎಂದೂ ಒಪ್ಪದ ಅವರು ಅಂದು ಅಲೆಗಳನ್ನೇ ನೋಡುತ್ತ ಮೈಮರೆತು ನಿಂತಿದ್ದಾಗ, ಸಹಪಾಠಿಯೊಬ್ಬ ತನ್ನ ಸೋದರಮಾವನಿಂದ ಬೇಡಿ ತಂದಿದ್ದ ಅಗ್ಫಾ ಕ್ಲಿಕ್ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟ. 1983ರಲ್ಲಿ ಗುರುಗಳು ಲಿಂಗೈಕ್ಯರಾದರು. ಅವರ ಚಿತ್ರವೆಂದರೆ ಅದೊಂದೇ.

ನಮ್ಮೂರಿನ ಸ್ಟುಡಿಯೋ ಒಂದರಲ್ಲಿ ಇದನ್ನು ಕಂಪ್ಯೂಟರಿಗೆ ಏರಿಸಿ ಅಚ್ಚು ಹಾಕಿಕೊಟ್ಟರು. ಮುಖ ಬೆಳ್ಳಗಾಗಿತ್ತು. ಹಣೆಯ ಮೇಲಿನ ಗೆರೆಗಳನ್ನು ಗೀರುಗಳೆಂದು ಬಗೆದು ಒರೆಸಿಹಾಕಿದ್ದರು. ವಿಭೂತಿಯಿಲ್ಲದ ಗುರುಗಳನ್ನು ಕಂಡು ನನಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ.

ಆಗ ತಿಳಿದುಬಂದದ್ದು, ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯ ಒಳಹಳ್ಳಿಯೊಂದರಲ್ಲಿ ನಿವೃತ್ತ ಚಿತ್ರಕಲಾ ಮಾಸ್ಟ್ರೊಬ್ಬರು ಇಂದಿಗೂ ಕೈಯಿಂದಲೇ ಚಿತ್ರ ಮುದ್ರಿಸುತ್ತಾರೆಂಬ ಸಂಗತಿ. ಇದು ಹೊಸತನಕ್ಕೆ ಅಂಜದ ಸೀಮೆ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು 1930ರ ಸುಮಾರಿನಲ್ಲೇ ಮೂಕಚಿತ್ರ ತಯಾರಿಸಲು ಕೈಹಾಕಿದವರು. ಅಮರ ಸುಳ್ಯದ ಮಾಗಣೆಯು 1834ರವರೆಗೆ ಕೊಡಗಿನ ಹಾಲೇರಿ ವೀರಶೈವ ಅರಸರ ಆಳ್ವಿಕೆಯಲ್ಲಿತ್ತೆಂಬುದನ್ನೂ ನಮ್ಮ ಮನೆಗಳ ಮಕ್ಕಳು ತಿಳಿದಿರಬೇಕು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಡಬದ ಕಾಡು ಕಳೆದ ಮೇಲೆ ಅಡಿಕೆತೋಟಗಳು ಆರಂಭವಾದವು. ಕಬಕ ಪುತ್ತೂರಿನಲ್ಲಿ ಇಳಿದೆ.

ಮಾಸ್ಟ್ರ ಕತ್ತಲೆಕೋಣೆ ಹಿಂದೆ ಅಡಿಕೆ ತುಂಬಿಡುತ್ತಿದ್ದ ಉಗ್ರಾಣ. ಕೊಳೆರೋಗದ ಮದ್ದಿಗೆ ಮೈಲುತುತ್ತ ತೂಗುತ್ತಿದ್ದ ತಕ್ಕಡಿಯನ್ನು ಚೆನ್ನಾಗಿ ತೊಳೆದು, ಅದರಲ್ಲೇ ಹೈಪೋ ತೂಗುತ್ತಾರೆ. ಹಿಂದೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಾಗದ ದೊರೆಯುತ್ತಿತ್ತಂತೆ. ಆ ಕಾರ್ಖಾನೆ ಮುಚ್ಚಿದೆ. ಈಗ ಇಂಗ್ಲೆಂಡಿನ ಇಲ್ಫೋರ್ಡ್ ಕಾಗದ. ಬೆಲೆ ಕೇಳಿ ನಾನು ಸುಮ್ಮನಾದೆ.

"ಕೂತುಕೊಳ್ಳಿ ಪಂಡಿತರೇ, ಅವಸರ ಮಾಡಬಾರದು ಮಾರಾಯ್ರೆ" ಎಂದು ಬಾಗಿಲು ಮುಚ್ಚಿ ಕೆಂಪು ದೀಪ ಹೊತ್ತಿಸಿದರು. ಆ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಅದರ ಪಾಲಿಗೆ ಅದೂ ಕತ್ತಲೆಯೇ. ಮೂರು ತಟ್ಟೆಗಳಲ್ಲಿ ಚಿತ್ರ ಮೂಡಿಸುವ ದ್ರಾವಣ, ಅದನ್ನು ತಡೆಯುವ ಹುಳಿನೀರು, ಚಿತ್ರವನ್ನು ಸ್ಥಿರಗೊಳಿಸುವ ಹೈಪೋ. ಮೊದಲಿನದು 20 ಡಿಗ್ರಿಯಷ್ಟು ತಣ್ಣಗಿರಬೇಕಾದ್ದರಿಂದ ಆ ಸೆಖೆಗೆ ಸುತ್ತ ಮಂಜುಗಡ್ಡೆ ಇಟ್ಟಿದ್ದರು.

ಭೂತಗನ್ನಡಿ ಹಿಡಿದು ನೆಗೆಟಿವ್ ಪರೀಕ್ಷಿಸಿದ ಮಾಸ್ಟ್ರು, "ಹಣೆಯಲ್ಲಿ ಇದು ಧೂಳೋ, ವಿಭೂತಿಯೋ?" ಎಂದರು. ನನ್ನ ಎದೆ ಧಸಕ್ಕೆಂದಿತು. ನೆಗೆಟಿವ್‌ನ ಮೇಲೆ ಧೂಳು ಕುಳಿತರೆ ಅದು ಬೆಳಕನ್ನು ತಡೆದು ಕಾಗದದಲ್ಲಿ ಬಿಳಿಯಾಗಿ ಕಾಣುತ್ತದೆ. ವಿಭೂತಿಯೂ ಬಿಳಿಯಾಗಿಯೇ ಕಾಣುತ್ತದೆ. ಮೆತ್ತನೆಯ ಕುಂಚದಿಂದ ಮೂರು ಬಾರಿ ಒರೆಸಿದರು. ಅಂಚಿನ ಕಸವೆಲ್ಲ ಹೋಯಿತು, ಮೂಲೆಯ ಆಕಾಶವನ್ನು ತಿಂದಿದ್ದ ಬೂಷ್ಟಿನ ಕಲೆ ಮಾತ್ರ ಹಾಗೆಯೇ ಉಳಿಯಿತು. ಹಣೆಯ ಗೆರೆಗಳೂ ಅಲುಗಲಿಲ್ಲ. "ಹಾಗಾದರೆ ಇದು ಅವರದ್ದೇ" ಎಂದರು.

ಮೊದಲ ಪ್ರತಿಗೆ ಇಪ್ಪತ್ತು ಸೆಕೆಂಡು ಬೆಳಕು ಕೊಟ್ಟರು. ದ್ರಾವಣದೊಳಗಿನ ಬರಿಯ ಬಿಳಿ ಹಾಳೆಯಲ್ಲಿ ಮೊದಲು ಬಂಡೆ ಬಂತು, ಆಮೇಲೆ ಅಲೆ. ನೊರೆಯ ಒಂದೊಂದು ಎಳೆಯೂ ಕಾಣುತ್ತಿತ್ತು. ಆದರೆ ಗುರುಗಳ ಮುಖ ಮಸಿ. ಬೆಳಕು ಕಡಿಮೆ ಮಾಡಿದರೆ ಮುಖ ಬಂತು, ಕಡಲು ಅಳಿಸಿಹೋಯಿತು. ಕಡೆಗೆ ಮಾಸ್ಟ್ರು ತಂತಿಯ ತುದಿಗೆ ಅಂಟಿಸಿದ ಪುಟ್ಟ ರಟ್ಟಿನ ಬಿಲ್ಲೆಯನ್ನು ಬೆಳಕಿಗೆ ಅಡ್ಡ ಹಿಡಿದು, ಅಲುಗಿಸುತ್ತ, ಮುಖದ ಮೇಲೆ ಏಳು ಸೆಕೆಂಡು ನೆರಳು ಮಾಡಿದರು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ತಟ್ಟೆಯಲ್ಲಿ ಕಣ್ಣು ಮೂಡಿತು, ಮೂಗು ಮೂಡಿತು. ಹಣೆಯ ಮೂರು ಗೆರೆಗಳು ಮಾತ್ರ ಕಾಗದದ ಬಿಳುಪಿನಲ್ಲೇ ಉಳಿದಿದ್ದವು. ನಲವತ್ತು ವರ್ಷಗಳ ಮೇಲೆ ಗುರುಗಳನ್ನು ಕಂಡ ನನಗೆ ಕೈಮುಗಿಯಬೇಕೆಂಬುದೂ ತೋಚಲಿಲ್ಲ.

ಹೈಪೋದ ಅಂಶ ಉಳಿದರೆ ಚಿತ್ರ ಕಾಲಕ್ರಮದಲ್ಲಿ ಹಳದಿಯಾಗುವುದರಿಂದ ಒಂದು ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಈ ಕಡೆಯ ಹಿರಿಯರು ನೀರಿಗಾಗಿ ಗುಡ್ಡದ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ಬಿಲಗಳಿಗೂ ಸುರಂಗವೆಂದೇ ಹೆಸರು. ಪಂಪಿಲ್ಲದೆ ತಾನಾಗಿ ಹರಿದುಬರುವ ಆ ತಣ್ಣೀರಿನಲ್ಲಿ ಗುರುಗಳು ಒಂದು ಗಂಟೆ ತೇಲಿದರು. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಜಗಲಿಯ ನೆರಳಿನಲ್ಲಿ ಚಿತ್ರವನ್ನು ಹರಡಿದೆವು.

ಮಾಸ್ಟ್ರು ಹಣ ಮುಟ್ಟಲಿಲ್ಲ. ನೆರಳು ಹಿಡಿದದ್ದರಿಂದ ಗುರುಗಳ ತಲೆಯ ಹಿಂದಿನ ಅಲೆಗಳು ತುಸು ಮಸುಕಾಗಿವೆ, ಅದು ತಮಗೆ ಸಮಾಧಾನವಿಲ್ಲ ಎಂದರು. ಮುಖ ಕಪ್ಪಾಗಿದ್ದ ಮೊದಲ ಪ್ರತಿಯನ್ನು ಎತ್ತಿಕೊಂಡು, "ಇದು ನನಗಿರಲಿ. ಕಡಲು ಇದರಲ್ಲೇ ಚೆಂದ" ಎಂದು ಗೋಡೆಗೆ ಒರಗಿಸಿದರು.