ಪಟ್ಟಿಯಲ್ಲಿ ಬಾರದ ಹೆಸರು

ರಣಜಿ ಪಂದ್ಯಗಳ ಸ್ಕೋರು ಪತ್ರಿಕೆಯ ಒಳಪುಟದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಬರುತ್ತಿದ್ದ ಕಾಲವದು. ವಳಕಮದಿನ್ನಿಯ ನಾವು ನಾಲ್ಕೈದು ಗೆಳೆಯರು ಅಲ್ಲಿ ರೈಲ್ವೇಸ್ ತಂಡವನ್ನು ಹುಡುಕುತ್ತಿದ್ದೆವು. ದಿಲ್ಲಿಯ ಕರ್ನೈಲ್ ಸಿಂಗ್ ಕ್ರೀಡಾಂಗಣದಲ್ಲಿ ಆಡುವ ತಂಡಕ್ಕೂ ನಮಗೂ ಎಲ್ಲಿಯ ನಂಟು ಎಂದಿರಾ? ಅದರ ಮಧ್ಯಮ ಕ್ರಮಾಂಕದಲ್ಲಿ ಯರೇಗೌಡ ಆಡುತ್ತಿದ್ದರು. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದವರು.

'ನಮ್ಮ ಜಿಲ್ಲೆಯಾಂವ ಎಷ್ಟು ಹೊಡದಾನ?'

'ಮೂವತ್ತು ಚಿಲ್ಲರೆ.'

'ಅಷ್ಟೇ ಏನು?'

ಆ 'ಅಷ್ಟೇ'ಯ ಬೆಲೆ ನಮಗೆ ತಿಳಿದದ್ದು ನಿಧಾನಕ್ಕೆ. ರಣಜಿ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನ ಮುನ್ನಡೆಯೇ ಲೆಕ್ಕಕ್ಕೆ ಬರುತ್ತದೆ. ಹೊಸ ಚೆಂಡಿಗೆ ಎರಡು ಮೂರು ವಿಕೆಟ್ ಬೇಗ ಉರುಳಿದಾಗ ಒಬ್ಬ ತಾಳ್ಮೆಯಿಂದ ನಿಲ್ಲಬೇಕು. ಚೆಂಡಿನ ಹೊಳಪು ಮಾಸಬೇಕು, ಬೌಲರುಗಳು ದಣಿಯಬೇಕು, ಆಮೇಲೆ ಬಂದವರು ಕೈಬೀಸಿ ಹೊಡೆಯಬೇಕು. ಮರುದಿನ ಹೆಸರು ಹೊಡೆದವನದು. ನಿಂತವನ ಪಾಲಿಗೆ ಆ ಮೂವತ್ತು ಚಿಲ್ಲರೆ ರನ್ನು. ರೈಲ್ವೇಸ್ ತಂಡ 2001-02ರಲ್ಲಿ ಮೊದಲ ಬಾರಿ ರಣಜಿ ಗೆದ್ದಿತು. 2004-05ರಲ್ಲಿ ಮತ್ತೊಮ್ಮೆ ಗೆದ್ದಿತು. ಅಂಥ ತಂಡ ಕಟ್ಟಲು ನಿಲ್ಲುವವರೂ ಬೇಕಿತ್ತು.

ಯರೇಗೌಡರು ಕರ್ನಾಟಕ ತಂಡಕ್ಕೂ ಆಡಿದರು, ಅದರ ನಾಯಕರೂ ಆದರು. ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ, ಏಳು ಸಾವಿರಕ್ಕೂ ಹೆಚ್ಚು ರನ್ನು. ಆದರೆ ಭಾರತ ತಂಡದ ಪಟ್ಟಿಯಲ್ಲಿ ಆ ಹೆಸರು ಬರಲೇ ಇಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆಗ ಭಾರತದ ಮಧ್ಯಮ ಕ್ರಮಾಂಕದಲ್ಲಿ ಇದ್ದವರು ದ್ರಾವಿಡ್, ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್. ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಅವರು ಆಟ ಬಿಟ್ಟಾಗ ಪಟಾಕಿ ಹಾರಲಿಲ್ಲ. 'ಪಾಪ, ಇಂಡಿಯಾಕ್ಕ ಆಡಲಿಲ್ಲ' ಎಂದು ನಮ್ಮೊಳಗೊಬ್ಬ ಮರುಗಿದ. ಇನ್ನೊಬ್ಬ ಸಿಡುಕಿದ: 'ಪಾಪ ಯಾಕೋ? ಬ್ಯಾಟು ಹಿಡಿದವರೊಳಗ ರಣಜಿ ಮುಟ್ಟಿದವರು ಎಷ್ಟು ಮಂದಿ?' ಕಲಿತದ್ದೂ ವ್ಯರ್ಥವಾಗಲಿಲ್ಲ. 2018ರಲ್ಲಿ ಯರೇಗೌಡರು ಕರ್ನಾಟಕದ ತರಬೇತುದಾರರಾದರು. ಭಾರತಕ್ಕೆ ಒಂದೇ ಒಂದು ಟಿ-20 ಪಂದ್ಯ ಆಡಿದ್ದ ಎಸ್. ಅರವಿಂದ್ ಅವರ ಜೊತೆ ಬೌಲಿಂಗ್ ಕೋಚ್. ಇವರ ಕೈಕೆಳಗೆ 2019-20ರಲ್ಲಿ ಕರ್ನಾಟಕ ವಿಜಯ್ ಹಜಾರೆ, ಸೈಯದ್ ಮುಷ್ತಾಕ್ ಅಲಿ ಎರಡೂ ಟ್ರೋಫಿ ಗೆದ್ದಿತು.

ಇದೆಲ್ಲ ನೆನಪಾದದ್ದು ನನ್ನ ತಂಗಿಯ ಮಗನಿಂದ. ಹುಡುಗ ಹತ್ತನೇ ತರಗತಿ. ಕಬಡ್ಡಿಯಲ್ಲಿ ಕವರ್ ಆಟಗಾರ. ಕಾರ್ನರಿನವನು ರೈಡರನ ಕಾಲು ಹಿಡಿದಾಗ ಮೇಲೆ ಬಿದ್ದು ಅವನನ್ನು ಗೆರೆ ಮುಟ್ಟದಂತೆ ಒತ್ತಿ ಹಿಡಿಯುವುದು ಇವನ ಕೆಲಸ. ಚಪ್ಪಾಳೆ ಮಾತ್ರ ಕಾಲು ಹಿಡಿದವನಿಗೆ. ತಾಲ್ಲೂಕು ತಂಡದ ಪಟ್ಟಿಯಲ್ಲಿ ಇವನ ಹೆಸರು ಬರಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವರಪ್ಪನೋ, 'ಸಾಕು ಬಿಡು, ಪಟ್ಟಿಗೆ ಬಾರದ ಆಟ ಯಾತಕ್ಕ?' ಎಂದು ಮೈದಾನವನ್ನೇ ಬಿಡಿಸಲು ಹೊರಟರು.

ಅಪ್ಪನ ಚಿಂತೆ ಸುಳ್ಳಲ್ಲ. ಮಳೆ ಮತ್ತು ಎಡದಂಡೆ ಕಾಲುವೆ ನೀರು ನಂಬಿ ಬದುಕುವ ಸೀಮೆ ನಮ್ಮದು. ಮಗ ಓದಿ ಒಂದು ದಾರಿ ಹಿಡಿಯಲಿ ಎನ್ನುವುದರಲ್ಲಿ ತಪ್ಪೇನಿದೆ? ಆದರೆ ಹದಿನೈದರ ಹುಡುಗನಿಗೆ ಪಟ್ಟಿಯಲ್ಲಿ ಇಲ್ಲದವನು ಕೆಲಸಕ್ಕೆ ಬಾರದವನು ಎಂದು ಕಲಿಸಿದರೆ, ಆ ಪಾಠವನ್ನು ಅವನು ಪರೀಕ್ಷೆಯ ಫಲಿತಾಂಶದ ದಿನವೂ ನೆನೆಯುತ್ತಾನೆ. ಅದೇ ನನ್ನ ಅಂಜಿಕೆ. ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಯರೇಗೌಡರ ಲೆಕ್ಕ ಹೇಳಿದೆ.

ಈಗ ಸಂಜೆ ಒಂದು ತಾಸು ಕಬಡ್ಡಿ, ಆಮೇಲೆ ಓದು ಎಂಬ ಕರಾರಿಗೆ ಇಬ್ಬರೂ ಒಪ್ಪಿದ್ದಾರೆ. ಮುಂದಿನ ಪಟ್ಟಿಯಲ್ಲಿ ಹೆಸರು ಬರುತ್ತದೆಂದು ನಾನು ಮಾತು ಕೊಟ್ಟಿಲ್ಲ, ಅವನೂ ಕೇಳಿಲ್ಲ. ಆದರೆ ಮೊನ್ನೆ ಮೈದಾನದಿಂದ ಬಂದ ಮಗನನ್ನು ಅವರಪ್ಪ, 'ಗೆದ್ದಿರೇನು?' ಎನ್ನುವ ಬದಲು, 'ಇವತ್ತು ಎಷ್ಟು ಮಂದೀನ ಒತ್ತಿ ಹಿಡದಿ?' ಎಂದು ಕೇಳಿದರಂತೆ.