ಸ್ಟೀರಿಂಗ್ ಜಗ್ಗಿದ ಬೆಳಿಗ್ಗೆ

ಅಪ್ಪನ ಕಣ್ಣಿನ ಆಪರೇಷನ್ ಆಗಿ ಬಿನ್ನಿಪೇಟೆಯ ಅಕ್ಕನ ಮನೆಯಲ್ಲಿದ್ದೆವು. ಮರುದಿನ ಬೆಳಿಗ್ಗೆ 8ಕ್ಕೆ ಪಟ್ಟಿ ಬಿಚ್ಚಿಸಬೇಕಿತ್ತು. ಭಾವ ಡ್ಯೂಟಿಗೆ ಹೋಗಿದ್ದರು, ಅವರ ಕಾರು ನನ್ನ ಪಾಲಿಗೆ ಬಂತು. ಊರಲ್ಲಿ ನಾನು ಓಡಿಸಿದ್ದು ಕೀ ತಿರುಗಿಸುವ ಹಳೇ ಆಮ್ನಿ. ಇದು ಬಟನ್ ಗಾಡಿ.

ಹಳೇ ಬಿನ್ನಿ ಮಿಲ್ ಜಾಗದ ಹತ್ತಿರ (ಈಗ ಅಲ್ಲಿ ಅಪಾರ್ಟ್‌ಮೆಂಟುಗಳು) ಒಂದು ಇಳಿಜಾರಿನ ಗಲ್ಲಿ. ಮುಂದಿನ ಚಕ್ರ ಫುಟ್‌ಪಾತಿನ ಕಲ್ಲಿಗೆ ಒತ್ತಿಕೊಂಡು ನಿಂತಿತ್ತು. ಬಟನ್ ಒತ್ತಿದರೆ ಲೈಟು ಬಂತು, ಇಂಜಿನ್ ಇಲ್ಲ. ಸ್ಟೀರಿಂಗ್ ಬಂಡೆ. ಎರಡೂ ಕೈಯಲ್ಲಿ ಜಗ್ಗಿದೆ. ಹಿಂದೆ ಅಪ್ಪ, "ಬಸ್ಸಿಗೇ ಹೋಗೋಣ ಬಿಡೋ" ಅಂದರು. ಕಣ್ಣಿಗೆ ಪಟ್ಟಿ ಇದ್ದವರನ್ನು ಆ ನೂಕುನುಗ್ಗಲಿಗೆ ಹತ್ತಿಸುವುದು ಹೇಗೆ?

ಪಕ್ಕದಲ್ಲಿ ನಿಂತಿದ್ದ ಆಟೋದವರು ಬಂದರು. "ಜಗ್ಗಬೇಡಿ. ಯಾವ ಕಡೆ ಒಂಚೂರು ಅಲ್ಲಾಡ್ತದೋ ಆ ಕಡೆ ಮೆಲ್ಲಗೆ ತಿರುಗಿಸಿ ಹಿಡ್ಕೊಳ್ಳಿ. ಬ್ರೇಕ್ ತುಳಿದೇ ಬಟನ್ ಒತ್ತಿ." ಒತ್ತಿದೆ. ಟಕ್ ಅಂತ ಬಿಟ್ಟಿತು, ಇಂಜಿನ್ ಶುರು.

ಗಾಡಿ ಕದಿಯದಿರಲಿ ಅಂತ ಸ್ಟೀರಿಂಗ್ ಕಂಬಕ್ಕೆ ಉಕ್ಕಿನ ಗೂಟವೊಂದು ಹೊಕ್ಕು ಹಿಡಿಯುತ್ತದೆ. ಬಟನ್ ಗಾಡಿಯಲ್ಲಿ ಅದನ್ನು ಎಳೆದುಕೊಳ್ಳುವುದು ಪುಟ್ಟ ಮೋಟರು. ಚಕ್ರ ಕಲ್ಲಿಗೆ ಒತ್ತಿದ್ದರೆ ಭಾರವೆಲ್ಲ ಗೂಟದ ಮೇಲೆ, ಮೋಟರಿಗೆ ಆಗುವುದಿಲ್ಲ. ಹಸು ಜಗ್ಗುತ್ತಿರುವಾಗ ಹಗ್ಗದ ಗಂಟು ಬಿಚ್ಚಲು ಬರುತ್ತದೆಯೇ? ಹಗ್ಗ ಸಡಿಲವಾಗಬೇಕು. ಬಟನ್ ಇರುವ ಗೇರ್ ಗಾಡಿಯಾದರೆ ಕ್ಲಚ್ಚನ್ನೂ ತುಳಿಯಬೇಕು. ಕೀಯ ಸೆಲ್ ಸತ್ತಿದ್ದರೆ ಬೇರೆ ಕಥೆ, ಆಗ ಎಷ್ಟೋ ಗಾಡಿಗಳಲ್ಲಿ ಕೀಯನ್ನು ಬಟನ್‌ಗೇ ತಾಗಿಸಿ ಒತ್ತಬೇಕು.

8.20ಕ್ಕೆ ತಲುಪಿದೆವು. ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಮೊದಲು ನೋಡಿದ್ದು ನನ್ನ ಅಂಗೈ. ಇನ್ನೂ ಕೆಂಪಗಿತ್ತು.