ಧೂಳಿನಾಚೆ ತಿರುಗುವ ಹಂತಿ

ಚರಂಡಿ, ರೇಷನ್ ಕಾರ್ಡು, ಬಸ್ಸು ಬಾರದ ದಾರಿ ಅಂತ ಬರೆಯುವ ನಾವು ಈ ಸಲ ಬಹಳ ದೂರದ ಸುದ್ದಿಯೊಂದನ್ನು ತಂದಿದ್ದೇವೆ. ಎಷ್ಟು ದೂರ ಅಂದರೆ, ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 1 ಕೋಟಿ 20 ಲಕ್ಷ ವರ್ಷ ಬೇಕು. ‘ಇದರಿಂದ ನಮಗೇನಾಗಬೇಕು?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ, ನಮ್ಮ ಮನೆಗಳಲ್ಲೂ ಅದನ್ನೇ ಕೇಳಿದರು. ಉತ್ತರ ಕೊನೆಯಲ್ಲಿದೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ಇದು ಧೂಳಿನ ಸುದ್ದಿ. ಧೂಳು ಅಂದರೆ ಏನೆಂದು ನಮ್ಮೂರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇಸಿಗೆಯ ಕೊನೆಗೆ, ಅಮಾವಾಸ್ಯೆ ಆಸುಪಾಸಿನ ರಾತ್ರಿ, ಬೀದಿದೀಪದ ಬೆಳಕು ಬೀಳದ ಹೊಲದಲ್ಲಿ ನಿಂತು ಮೇಲೆ ನೋಡಿ. ಹಾಲು ಚೆಲ್ಲಿದಂತೆ ಆಕಾಶಗಂಗೆ ಹಬ್ಬಿರುತ್ತದೆ. ಅದರ ನಡುವೆ ಅಲ್ಲಲ್ಲಿ ಕಪ್ಪು ತೇಪೆಗಳು, ಒಂದು ಕಡೆ ಉದ್ದಕ್ಕೆ ಹರಿದಂಥ ಸೀಳು. ಅಲ್ಲಿ ನಕ್ಷತ್ರಗಳೇ ಇಲ್ಲ ಅನ್ನಿಸುತ್ತದೆ. ನಕ್ಷತ್ರಗಳಿವೆ, ಅವುಗಳ ಮುಂದೆ ಧೂಳು ಅಡ್ಡ ನಿಂತಿದೆ. ನಕ್ಷತ್ರಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿರುವ ಧೂಳು ಬೆಳಕನ್ನು ಮಂಕು ಮಾಡುತ್ತದೆ ಎಂದು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ಎಂಬ ಖಗೋಳ ವಿಜ್ಞಾನಿ ಲೆಕ್ಕ ಸಮೇತ ತೋರಿಸಿದರು.

ಈ ಧೂಳು ನಮ್ಮ ರಸ್ತೆ ಧೂಳಿನಷ್ಟು ದಪ್ಪವಲ್ಲ. ಒಲೆಯ ಹೊಗೆಯ ಕಣಗಳಷ್ಟು ಸಣ್ಣದು. ಕಲ್ಲಿನ ಅಂಶ ಒಂದಿಷ್ಟು, ಮಸಿಯಂಥ ಇಂಗಾಲ ಒಂದಿಷ್ಟು. ಮುಪ್ಪಾದ ನಕ್ಷತ್ರಗಳು ಹೊರಹಾಕಿದ ಪದಾರ್ಥ ತಣ್ಣಗಾಗಿ ಆಗಿದ್ದು ಇದರಲ್ಲಿ ಬಹಳಷ್ಟಿದೆ. ನಮ್ಮ ಗ್ಯಾಲಕ್ಸಿಯಲ್ಲಿ ಅನಿಲ 100 ಕೆಜಿ ಇದ್ದರೆ ಧೂಳು ಸುಮಾರು 1 ಕೆಜಿ ಮಾತ್ರ. ಅಷ್ಟು ಸಾಕು. ಆಕಾಶಗಂಗೆಯ ನಟ್ಟನಡು ಭಾಗ ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ಅಲ್ಲಿಂದ ಹೊರಟ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ಇಲ್ಲಿಗೆ ಮುಟ್ಟುತ್ತದೆ. ಉಳಿದದ್ದೆಲ್ಲ ದಾರಿಯ ಧೂಳಿನ ಪಾಲು.

ಗ್ಯಾಲಕ್ಸಿ ಎಂದರೆ ಕೋಟಿಗಟ್ಟಲೆ ನಕ್ಷತ್ರಗಳು, ಅನಿಲ, ಧೂಳು ಎಲ್ಲ ಒಟ್ಟಿಗಿರುವ ದೊಡ್ಡ ಸಂಸಾರ. ಇದರಲ್ಲಿ ಯಾವುದೂ ನಿಂತಿಲ್ಲ. ನಮ್ಮ ಸೂರ್ಯ ಸೆಕೆಂಡಿಗೆ 220 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿದ್ದಾನೆ. ಆದರೂ ಒಂದು ಸುತ್ತು ಮುಗಿಸಲು ಅವನಿಗೆ 20 ಕೋಟಿ ವರ್ಷಕ್ಕೂ ಮೀರಿ ಬೇಕು. ಕುಳಿತು ನೋಡಿ ತಿಳಿಯುವ ಓಟ ಇದಲ್ಲ. ಹಾಗಾದರೆ ವೇಗ ಗೊತ್ತಾಗಿದ್ದು ಹೇಗೆ?

ಸೌದೆ ಒಲೆಗೆ ಚಿಟಿಕೆ ಉಪ್ಪು ಬಿದ್ದರೆ ಬೆಂಕಿ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಎಲ್‌ಇಡಿ ಬರುವ ಮೊದಲು ಊರ ಮುಂದೆ ಉರಿಯುತ್ತಿದ್ದ ಹಳದಿ ಸೋಡಿಯಂ ದೀಪದ್ದೂ ಅದೇ ಬಣ್ಣ. ಹೀಗೆ ಒಂದೊಂದು ಧಾತುವಿಗೂ ಅದರದೇ ಬಣ್ಣದ ಗುರುತು ಇದೆ. ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ಆ ಗುರುತುಗಳು ಗೆರೆಗಳಾಗಿ ಕಾಣುತ್ತವೆ. ಬೆಳಗುವ ಹೈಡ್ರೋಜನ್ ಅನಿಲದ್ದು ಒಂದು ಕೆಂಪು ಗೆರೆ. ನಕ್ಷತ್ರಗಳ ಬೆಳಕಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕಪ್ಪು ಗೆರೆಗಳು.

ಹಾರನ್ ಹೊಡೆಯುತ್ತ ಬರುವ ಬಸ್ಸು ನಮ್ಮನ್ನು ದಾಟಿದ ಕೂಡಲೇ ಅದರ ದನಿ ದಪ್ಪವಾಗುವುದನ್ನು ಎಲ್ಲರೂ ಕೇಳಿದ್ದೇವೆ. ಬೆಳಕಿನ ಕಥೆಯೂ ಅದೇ. ಹತ್ತಿರ ಬರುತ್ತಿರುವುದರ ಗೆರೆ ನೀಲಿ ಕಡೆಗೆ ಸರಿಯುತ್ತದೆ, ದೂರ ಹೋಗುತ್ತಿರುವುದರದ್ದು ಕೆಂಪಿನ ಕಡೆಗೆ. ಸೆಕೆಂಡಿಗೆ 250 ಕಿ.ಮೀ. ವೇಗ ಅಂದರೆ ಗೆರೆ ಸರಿಯುವುದು 1,200ರಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನು ಅಳೆದೇ ಗ್ಯಾಲಕ್ಸಿಗಳ ತಿರುಗಾಟ ತಿಳಿಯುವುದು.

ಇನ್ನು ತಿರುಗುವ ರೀತಿ. ಉತ್ತರ ಕರ್ನಾಟಕದವರಿಗೆ ಹಂತಿ ಗೊತ್ತು. ಕಣದ ನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ತೆನೆ ತುಳಿಯುತ್ತ ಸುತ್ತುವುದು. ಮೇಟಿಯ ಪಕ್ಕದ ಎತ್ತು ಮೆಲ್ಲಗೆ ಹೆಜ್ಜೆ ಹಾಕಿದರೆ ಸಾಕು. ಹೊರಗಿನ ಎತ್ತು ಬಿರುಸಾಗಿ ನಡೆಯಬೇಕು, ಯಾಕೆಂದರೆ ಎಲ್ಲವನ್ನೂ ಒಟ್ಟಿಗೆ ಕಟ್ಟಿದೆ. ಸೂರ್ಯನ ಸುತ್ತಲಿನ ಗ್ರಹಗಳದ್ದು ಇದಕ್ಕೆ ತಿರುವುಮುರುವು. ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ಓಡಿದರೆ ದೂರದ ನೆಪ್ಚೂನ್ ಸುಮಾರು 5 ಕಿ.ಮೀ. ಮಾತ್ರ. ದೂರ ಹೋದಂತೆ ಸೂರ್ಯನ ಎಳೆತ ಕಡಿಮೆ.

ಅಮೆರಿಕದ ವೆರಾ ರೂಬಿನ್, ತಮ್ಮ ಜೊತೆಗಾರ ಕೆಂಟ್ ಫೋರ್ಡ್ ಅವರೊಂದಿಗೆ ಪಕ್ಕದ ಆಂಡ್ರೊಮಿಡಾ ಗ್ಯಾಲಕ್ಸಿಯ 67 ಅನಿಲ ಮೋಡಗಳ ವೇಗ ಅಳೆದು 1970ರಲ್ಲಿ ಪ್ರಕಟಿಸಿದರು. ಹೊರಗಿನವು ನಿಧಾನವಾಗಿರಬೇಕಿತ್ತು. ಆದರೆ ಅಂಚಿನವರೆಗೂ ವೇಗ ಹೆಚ್ಚುಕಡಿಮೆ ಒಂದೇ ಸಮ ಇತ್ತು. ಕಾಣುವ ನಕ್ಷತ್ರ, ಅನಿಲ ಎಲ್ಲ ಕೂಡಿಸಿದರೂ ಇಷ್ಟು ವೇಗದಲ್ಲಿ ಓಡುವುದನ್ನು ಹಿಡಿದಿಡುವ ಎಳೆತ ಸಾಲದು. ಕಾಣದ ಭಾರ ಇನ್ನೂ ಬಹಳ ಇದೆ ಎಂದು ವಿಜ್ಞಾನಿಗಳು ಗಟ್ಟಿಯಾಗಿ ನಂಬಲು ಇಂಥ ಅಳತೆಗಳು ಕಾರಣವಾದವು. ಅದನ್ನೇ ಇವತ್ತು ಡಾರ್ಕ್ ಮ್ಯಾಟರ್ ಅನ್ನುತ್ತಾರೆ.

ಈ ಅಳತೆಯಲ್ಲಿ ಧೂಳು ಮಾಡುವ ಒಂದು ಮೋಸ ಇದೆ. ಕೆಲವು ಗ್ಯಾಲಕ್ಸಿಗಳು ನಮಗೆ ರೊಟ್ಟಿಯನ್ನು ಅಂಚಿನಿಂದ ನೋಡಿದಂತೆ ಕಾಣುತ್ತವೆ. ಹಂತಿ ನಡೆಯುವ ಕಣದ ಪಕ್ಕ ನೀವು ನೆಲದ ಮೇಲೆ ಕುಳಿತಿದ್ದೀರಿ, ದಟ್ಟ ಧೂಳು ಎದ್ದಿದೆ ಅಂದುಕೊಳ್ಳಿ. ನಡುವಿನ ಎತ್ತುಗಳು ಕಾಣುವುದಿಲ್ಲ. ಕಾಣುವುದು ನಿಮ್ಮ ಮೂಗಿನ ಮುಂದೆ ಹಾದುಹೋಗುವ ಹೊರಗಿನ ಎತ್ತು ಮಾತ್ರ. ಅದು ಅಡ್ಡಡ್ಡ ಹೋಗುತ್ತದೆ, ನಿಮ್ಮ ಕಡೆಗೂ ಬರುವುದಿಲ್ಲ, ನಿಮ್ಮಿಂದ ದೂರವೂ ಸರಿಯುವುದಿಲ್ಲ. ಗೆರೆಗಳ ಲೆಕ್ಕಕ್ಕೆ ಸಿಗುವುದು ಹತ್ತಿರ ಬರುವ ಮತ್ತು ದೂರ ಹೋಗುವ ವೇಗವಷ್ಟೇ. ಹಾಗಾಗಿ ಓಡುತ್ತಿರುವ ಎತ್ತೂ ನಿಂತಂತೆ ಲೆಕ್ಕ ಸಿಗುತ್ತದೆ. ಕಣದ ಎಡ ಬಲ ತುದಿಗಳತ್ತ ಹೋದಂತೆ ಮಾತ್ರ ವೇಗ ಸ್ವಲ್ಪ ಸ್ವಲ್ಪವೇ ಏರುತ್ತದೆ. ಕೊನೆಗೆ ಹಂತಿಯಲ್ಲದ ಗ್ಯಾಲಕ್ಸಿ, ಹಗ್ಗ ಕಟ್ಟಿದ ಹಂತಿಯ ಹಾಗೆ ಕಾಣುತ್ತದೆ. ಧೂಳು ಬೆಳಕನ್ನಷ್ಟೇ ಅಲ್ಲ, ಓಟವನ್ನೂ ಮರೆಮಾಚುತ್ತದೆ.

ಇದನ್ನು ದಾಟುವ ದಾರಿಗಳಿವೆ. ಸಂಜೆಯ ಸೂರ್ಯ ಧೂಳಿನಲ್ಲಿ ಕೆಂಪಾಗುವುದು ನೋಡಿದ್ದೀರಿ. ನೀಲಿ ಬೆಳಕು ಚದುರಿಹೋಗುತ್ತದೆ, ಕೆಂಪು ತೂರಿ ಬರುತ್ತದೆ. ಕೆಂಪಿಗಿಂತ ಆಚೆಗಿನ ಅವಕೆಂಪು ಕಿರಣ ಇನ್ನೂ ಚೆನ್ನಾಗಿ ತೂರುತ್ತದೆ. ಅದನ್ನು ಹಿಡಿಯುವ ಕ್ಯಾಮೆರಾಗಳಿಂದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಘೆಜ್ ಅವರ ತಂಡಗಳು ವರ್ಷಗಟ್ಟಲೆ ಆಕಾಶಗಂಗೆಯ ನಡುಭಾಗ ನೋಡಿದವು. ಎಸ್2 ಎಂಬ ನಕ್ಷತ್ರ ಅಲ್ಲಿ 16 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಆ ಓಟದಿಂದಲೇ ನಡುವೆ ಸುಮಾರು 40 ಲಕ್ಷ ಸೂರ್ಯರಷ್ಟು ಭಾರವಿದೆ ಎಂದು ಗೊತ್ತಾಯಿತು. ಅಷ್ಟು ಭಾರ ಅಷ್ಟು ಚಿಕ್ಕ ಜಾಗದಲ್ಲಿ ಇರಬೇಕಾದರೆ ಅದು ಕಪ್ಪು ಕುಳಿಯೇ. ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು.

ರೇಡಿಯೊ ತರಂಗಕ್ಕಂತೂ ಈ ಧೂಳು ಲೆಕ್ಕಕ್ಕೇ ಇಲ್ಲ. ತಣ್ಣಗಿನ ಹೈಡ್ರೋಜನ್ 21 ಸೆಂ.ಮೀ. ಉದ್ದದ ರೇಡಿಯೊ ತರಂಗ ಹೊರಡಿಸುತ್ತದೆ. ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರ ಹಳ್ಳಿಗಳ ನಡುವೆ ನಿಂತಿರುವ ಜಿಎಂಆರ್‌ಟಿಯ 30 ದೊಡ್ಡ ಬುಟ್ಟಿಗಳು, ಒಂದೊಂದೂ 45 ಮೀಟರ್ ಅಗಲ, ಇಂಥ ತರಂಗಗಳನ್ನೂ ಹಿಡಿಯುತ್ತವೆ. ಅನಿಲ ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ಧೂಳಿನ ಹಂಗಿಲ್ಲದೆ ಅವು ಹೇಳಬಲ್ಲವು.

ಈಗ ಮೊದಲು ಹೇಳಿದ ದೂರದ ಸುದ್ದಿ. ಸೆಂಟಾರಸ್ ಎ ಎಂಬ ಗ್ಯಾಲಕ್ಸಿ. 1826ರಲ್ಲಿ ಜೇಮ್ಸ್ ಡನ್ಲಪ್ ಆಸ್ಟ್ರೇಲಿಯಾದಿಂದ ಇದನ್ನು ಕಂಡರು. ಮೊಟ್ಟೆಯಂಥ ಬೆಳಕಿನ ಉಂಡೆ, ಅದರ ನಡು ಸೀಳಿದಂತೆ ಅಡ್ಡಲಾಗಿ ದಪ್ಪ ಕಪ್ಪು ಪಟ್ಟಿ. ಪಟ್ಟಿ ಅಂದರೆ ಧೂಳು. ಇಂಥ ಉಂಡೆಯಾಕಾರದ ಗ್ಯಾಲಕ್ಸಿಗಳಲ್ಲಿ ಸಾಮಾನ್ಯವಾಗಿ ಹಳೆಯ ನಕ್ಷತ್ರಗಳೇ ಹೆಚ್ಚು, ಧೂಳು ಅಪರೂಪ. ಇಲ್ಲಿ ಇಷ್ಟೊಂದು ಧೂಳು ಎಲ್ಲಿಂದ ಬಂತು?

ಫೋಟೊ ನೋಡಿ ಹೇಳಲಾಗದ್ದನ್ನು ಓಟ ಹೇಳಿತು. ಉಂಡೆಯ ನಕ್ಷತ್ರಗಳು ಜಾತ್ರೆಯ ಜನರಂತೆ ದಿಕ್ಕಿಗೊಂದರಂತೆ ಓಡಾಡುತ್ತವೆ. ಒಟ್ಟಾಗಿ ಒಂದೇ ಕಡೆಗೆ ತಿರುಗುವುದು ಕಡಿಮೆ. ಪಟ್ಟಿಯಲ್ಲಿರುವ ಅನಿಲ ಹಾಗಲ್ಲ. ಅದು ತಟ್ಟೆಯಂತೆ ಹರಡಿಕೊಂಡು, ಸೆಕೆಂಡಿಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಒಟ್ಟಾಗಿ ತಿರುಗುತ್ತದೆ. ಆ ತಟ್ಟೆ ನಿಂತಿರುವುದೂ ಉಂಡೆಯ ಉದ್ದಕ್ಕೆ ಅಡ್ಡಲಾಗಿ. ಒಂದೇ ಮನೆಯಲ್ಲಿ ಹುಟ್ಟಿದ ನಕ್ಷತ್ರ ಮತ್ತು ಅನಿಲ ಹೀಗೆ ಬೇರೆ ಬೇರೆ ನಡೆಯುವುದು ಕಷ್ಟ. ಅನಿಲ ಹೊರಗಿನಿಂದ ಬಂದದ್ದು. ಬಹಳ ಹಿಂದೆ ಈ ಗ್ಯಾಲಕ್ಸಿ ಅನಿಲ, ಧೂಳು ತುಂಬಿದ ಇನ್ನೊಂದು ಚಿಕ್ಕ ಗ್ಯಾಲಕ್ಸಿಯನ್ನು ನುಂಗಿದೆ. ಕಪ್ಪು ಪಟ್ಟಿ ಆ ನುಂಗಿದ್ದರ ಉಳಿಕೆ.

ನುಂಗಿದಾಗ ನಕ್ಷತ್ರ ನಕ್ಷತ್ರಕ್ಕೆ ಡಿಕ್ಕಿ ಹೊಡೆಯಲಿಲ್ಲವೇ? ಹೊಡೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯನನ್ನು ಒಂದು ರಾಗಿಕಾಳು ಅಂದುಕೊಂಡರೆ ಪಕ್ಕದ ನಕ್ಷತ್ರ ಸುಮಾರು 40 ಕಿ.ಮೀ. ಆಚೆ ಇರುವ ಇನ್ನೊಂದು ಕಾಳು. ಒಂದರ ಪಕ್ಕ ಒಂದು ಹಾದುಹೋಗುತ್ತವೆ, ತಮ್ಮ ಹಳೆಯ ಓಟವನ್ನು ಬಹಳ ಕಾಲ ಉಳಿಸಿಕೊಳ್ಳುತ್ತವೆ. ಅನಿಲದ ಮೋಡಗಳು ದೊಡ್ಡವು, ಒಂದಕ್ಕೊಂದು ಬಡಿಯುತ್ತವೆ, ಕಾದು ಶಾಖ ಬಿಟ್ಟುಕೊಟ್ಟು ವೇಗ ಕಳೆದುಕೊಂಡು ಮೆಲ್ಲಗೆ ತಟ್ಟೆಯಾಗಿ ಕೂರುತ್ತವೆ. ತೂರುವಾಗ ಒಂದೇ ಗಾಳಿಗೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುವುದಿಲ್ಲವೇ, ಹಾಗೆ. ಅದಕ್ಕೇ ವಿಜ್ಞಾನಿಗಳು ನಕ್ಷತ್ರದ ಹೇಳಿಕೆ, ಅನಿಲದ ಹೇಳಿಕೆ ಎರಡನ್ನೂ ಬೇರೆ ಬೇರೆ ಪಡೆಯುತ್ತಾರೆ. ಎರಡೂ ಕೂಡದ ಜಾಗದಲ್ಲಿ ಹಳೆಯ ಘಟನೆಯೊಂದು ಇರುತ್ತದೆ.

ಇದನ್ನು ಓದುವಾಗ ನಮಗೆ ನೆನಪಾಗಿದ್ದು ನಮ್ಮಲ್ಲಿ ಇಬ್ಬರ ಊರು. ಪಕ್ಕದ ಗುಡ್ಡದಲ್ಲಿ ಕಲ್ಲಿನ ಕ್ರಷರ್. ಹಿಪ್ಪುನೇರಳೆ ಎಲೆ ಮೇಲೆ ಬಿಳಿ ಧೂಳು, ಆ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲ. ವಯಸ್ಸಾದವರಿಗೆ ಬಿಡದ ಕೆಮ್ಮು. ಅರ್ಜಿ ಕೊಟ್ಟರೆ ‘ರಾತ್ರಿ ಕೆಲಸ ನಡೆಯುತ್ತಿಲ್ಲ’ ಎಂಬ ಉತ್ತರ. ನಾವು ತೆಗೆದ ಫೋಟೊಗಳಲ್ಲಿ ಬರೀ ಮಬ್ಬು, ಅದು ಮಂಜು ಅಂದರು. ಆಗ ರಸ್ತೆ ಪಕ್ಕದ ಮನೆಯ ಹೆಂಗಸರು ಗೋಡೆಯ ಕ್ಯಾಲೆಂಡರಿನ ಹಿಂದೆ ಲಾರಿಗಳ ಲೆಕ್ಕ ಬರೆಯತೊಡಗಿದರು. ಎಷ್ಟು ಹೊತ್ತಿಗೆ, ಯಾವ ಕಡೆಗೆ, ತುಂಬಿದ್ದೋ ಖಾಲಿಯೋ. ಕಣ್ಣಿಗೆ ಲಾರಿ ಕಾಣದಿದ್ದರೂ ಏರಿನಲ್ಲಿ ತುಂಬಿದ ಲಾರಿ ನರಳುವ ಸದ್ದು ಬೇರೆ, ಖಾಲಿ ಲಾರಿ ಕುಣಿಯುವ ಸದ್ದು ಬೇರೆ. ಹತ್ತೊಂಬತ್ತು ರಾತ್ರಿಗಳ ಲೆಕ್ಕ ಅರ್ಜಿಯ ಜೊತೆ ಹೋಯಿತು. ಕ್ರಷರ್ ಇನ್ನೂ ನಿಂತಿಲ್ಲ. ಆದರೆ ರಾತ್ರಿ ಕೆಲಸ ಇಲ್ಲ ಅಂತ ಈಗ ಯಾರೂ ಹೇಳುತ್ತಿಲ್ಲ.

‘ನಮಗೇನಾಗಬೇಕು’ ಅನ್ನುವುದಕ್ಕೆ ನಮ್ಮ ಉತ್ತರ ಇದೇ. ದೊಡ್ಡ ದೊಡ್ಡ ದೂರದರ್ಶಕಗಳ ಮುಂದೆ ಕುಳಿತವರು ಮಾಡುವುದನ್ನೇ ಆ ಹೆಂಗಸರೂ ಮಾಡಿದರು. ಕಾಣದಿದ್ದರೆ ಇಲ್ಲ ಅನ್ನಲಿಲ್ಲ. ಓಡಾಟವನ್ನು ತಾಳ್ಮೆಯಿಂದ ಬರೆದಿಟ್ಟರು. ವಿಜ್ಞಾನ ಎಂದರೆ ಪೇಟೆಯವರ ಸೊತ್ತು, ಇಂಗ್ಲಿಷ್ ಬಲ್ಲವರ ಸೊತ್ತು ಎಂದು ನಮ್ಮ ಮಕ್ಕಳು ತಿಳಿಯಬಾರದು. ಲೆಕ್ಕ ಇಡಲು ಬಂದವರದ್ದೆಲ್ಲ ಅದು.

ಸೆಂಟಾರಸ್ ಎ ನಮ್ಮ ಕರ್ನಾಟಕದಿಂದಲೂ ಕಾಣುತ್ತದೆ. ಏಪ್ರಿಲ್ ನಡುವೆ ಮಧ್ಯರಾತ್ರಿ, ಮೇ ಕೊನೆಗೆ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ದಿಗಂತದಿಂದ ನೆತ್ತಿಗೆ ಇರುವ ಎತ್ತರದಲ್ಲಿ ಸುಮಾರು ಮೂರನೇ ಒಂದು ಭಾಗ ಮೇಲೆ ಇರುತ್ತದೆ. ಫೋನಿನ ಆಕಾಶ ನಕ್ಷೆಯ ಆ್ಯಪ್‌ನಲ್ಲಿ ಎನ್‌ಜಿಸಿ 5128 ಎಂದು ಹುಡುಕಿದರೆ ಜಾಗ ತೋರಿಸುತ್ತದೆ. ಬರಿಗಣ್ಣಿಗೆ ಸಿಗುವುದಿಲ್ಲ, ಬೈನಾಕ್ಯುಲರ್ ಬೇಕು. ಅದರಲ್ಲೂ ಕಾಣುವುದು ಮಂಕಾದ ಒಂದು ಮಚ್ಚೆ ಅಷ್ಟೆ. ಕಪ್ಪು ಪಟ್ಟಿ ನೋಡಲು ದೂರದರ್ಶಕವೇ ಬೇಕು.

ಊರಿನ ಶಾಲೆಯಲ್ಲಿ ಬೈನಾಕ್ಯುಲರ್ ಇದ್ದರೆ ಮೇಷ್ಟ್ರನ್ನು ಕೇಳಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಹೊಲದ ಕಡೆ ಹೋಗುವಾಗ ಕೈಯಲ್ಲಿ ಬ್ಯಾಟರಿ ಇರಲಿ, ಹಾವು ಹುಳು ಓಡಾಡುವ ಕಾಲ. ಕ್ರಷರ್ ಪಕ್ಕದ ಊರಿನವರು ಮಾತ್ರ ಲಾರಿಗಳು ನಿಲ್ಲುವ ರಾತ್ರಿಗೆ ಕಾಯಬೇಕು. ಆ ರಾತ್ರಿ ಬಂದರೆ ಕ್ಯಾಲೆಂಡರಿನ ಹಿಂದೆ ಅದನ್ನೂ ಬರೆದಿಡಿ.